ಅರವತ್ತು ವರ್ಷದ ಟ್ಯೂಬ್ ಆಂಪ್ಲಿಫೈಯರ್: ಯಾವುದನ್ನು ಬದಲಿಸಬೇಕು, ಯಾವುದನ್ನು ಮುಟ್ಟಬಾರದು

ಪ್ರಶ್ನೆ: ಹಿರಿಯ ಬಂಧುವೊಬ್ಬರ ಫೆಂಡರ್ ಡಿಲಕ್ಸ್ ರಿವರ್ಬ್ ಗಿಟಾರ್ ಆಂಪ್ಲಿಫೈಯರ್ ಈಗ ನನ್ನ ಪಾಲಿಗೆ ಬಂದಿದೆ. 1960ರ ದಶಕದ್ದು, ಕಪ್ಪು ಮುಖಫಲಕದ್ದು. ಇಪ್ಪತ್ತು ವರ್ಷಗಳಿಂದ ಅದನ್ನು ಯಾರೂ ಚಾಲೂ ಮಾಡಿಲ್ಲ, ನಾನೂ ಇನ್ನೂ ಪ್ಲಗ್‌ಗೆ ಹಾಕಿ ನೋಡಿಲ್ಲ. ಒಬ್ಬ ತಂತ್ರಜ್ಞರು ಕೆಪಾಸಿಟರ್‌ಗಳನ್ನೆಲ್ಲ ಬದಲಿಸಿ, ಹರಿದ ಹೊದಿಕೆಯನ್ನೂ ಹೊಸದಾಗಿ ಹಾಕಿಕೊಡುತ್ತೇನೆ ಎನ್ನುತ್ತಾರೆ. ಹಳೆಯ ವಾದ್ಯಗಳನ್ನು ಸಂಗ್ರಹಿಸುವ ಗೆಳೆಯನೊಬ್ಬ, ಒಂದು ತಿರುಪನ್ನೂ ಮುಟ್ಟಬೇಡ, ಮುಟ್ಟಿದರೆ ಬೆಲೆ ಹೋಯಿತು ಎನ್ನುತ್ತಾನೆ. ನನಗೆ ಅದನ್ನು ನುಡಿಸಲೂ ಬೇಕು, ಅದರ ಬೆಲೆಯೂ ಉಳಿಯಬೇಕು. ಯಾರ ಮಾತು ಕೇಳಲಿ?

ಉತ್ತರ: ಇನ್ನೂ ಪ್ಲಗ್‌ಗೆ ಹಾಕಿಲ್ಲ ಎಂಬ ನಿಮ್ಮ ಒಂದು ವಾಕ್ಯ ನನಗೆ ನೆಮ್ಮದಿ ತಂದಿತು, ಈ ಉತ್ತರವನ್ನು ಕೊನೆಯವರೆಗೆ ಓದುವ ತನಕ ಅದು ಹಾಗೆಯೇ ಇರಲಿ. ನಿಮಗೆ ಸಲಹೆ ಕೊಟ್ಟ ಇಬ್ಬರೂ ಅರ್ಧರ್ಧ ಸರಿ. ಕೆಲವು ಬಿಡಿಭಾಗಗಳು ಬದಲಾಗಲೇಬೇಕು ಎಂಬಲ್ಲಿ ತಂತ್ರಜ್ಞರ ಮಾತು ನಿಜ, ಆದರೆ ಅವರು ಬಳಸಿದ ‘ಎಲ್ಲ’ ಎಂಬ ಪದ ಅಪಾಯಕಾರಿ. ಮುಟ್ಟದ ವಸ್ತುವಿಗೆ ಬೆಲೆ ಹೆಚ್ಚು ಎಂಬಲ್ಲಿ ನಿಮ್ಮ ಗೆಳೆಯರ ಮಾತು ನಿಜ, ಆದರೆ ಮುಟ್ಟದೆ ಇಟ್ಟ ಆಂಪ್ಲಿಫೈಯರನ್ನು ಮುಂದೊಂದು ದಿನ ಕುತೂಹಲಕ್ಕೆ ಚಾಲೂ ಮಾಡಿದವರು ಒಂದೇ ನಿಮಿಷದಲ್ಲಿ ಅದರ ಮೂಲ ಟ್ರಾನ್ಸ್‌ಫಾರ್ಮರನ್ನು ಸುಟ್ಟುಬಿಡಬಹುದು ಎಂಬುದನ್ನು ಅವರು ಲೆಕ್ಕಕ್ಕೆ ಹಿಡಿದಿಲ್ಲ. ನಾನು ಕೆಲಸ ಮಾಡುವಾಗ ಇಟ್ಟುಕೊಳ್ಳುವ ಲೆಕ್ಕ ಇಷ್ಟು: ವಯಸ್ಸಾಗಿ ಸಾಯಲೇಬೇಕಾದ ಅಗ್ಗದ ಭಾಗವೊಂದು, ಸಾಯುವಾಗ ಸಿಗಲಾರದ ಮೂಲ ಭಾಗವನ್ನೂ ತನ್ನ ಜೊತೆಗೆ ಎಳೆದೊಯ್ಯುವಂತಿದ್ದರೆ ಅದನ್ನು ಬದಲಿಸುತ್ತೇನೆ, ಉಳಿದದ್ದನ್ನು ಅಳೆದು ನೋಡಿ, ಕೆಲಸ ಮಾಡುತ್ತಿದ್ದರೆ ಬಿಡುತ್ತೇನೆ, ಮಾಡಿದ್ದೆಲ್ಲವನ್ನೂ ಇನ್ನೊಬ್ಬರು ಹಿಂದಿನ ಸ್ಥಿತಿಗೆ ತಿರುಗಿಸಲು ಬರುವ ಹಾಗೆ ಮಾಡುತ್ತೇನೆ.

ಸಂಗ್ರಾಹಕರು ಹಣ ಕೊಡುವುದು ಯಾವುದಕ್ಕೆ ಎಂಬುದನ್ನು ಮೊದಲು ತಿಳಿದುಕೊಂಡರೆ ಉಳಿದ ನಿರ್ಧಾರಗಳು ಸುಲಭವಾಗುತ್ತವೆ. ಮೂಲ ಟ್ರಾನ್ಸ್‌ಫಾರ್ಮರ್‌ಗಳು, ಮೂಲ ಸ್ಪೀಕರ್ ಮತ್ತು ಅದರ ಮೂಲ ಕೋನ್, ಕ್ಯಾಬಿನೆಟ್ಟಿನ ಮೂಲ ಹೊದಿಕೆ ಹಾಗೂ ಮುಂಭಾಗದ ಜಾಲರಿ ಬಟ್ಟೆ, ಯಾರೂ ಕೊರೆಯದ ಚಾಸಿ (ಬಿಡಿಭಾಗಗಳನ್ನು ಕೂರಿಸಿದ ಲೋಹದ ಚೌಕಟ್ಟು), ಯಾರೂ ಮಾರ್ಪಡಿಸದ ಸರ್ಕ್ಯೂಟ್: ಸರಿಸುಮಾರು ಇದೇ ಕ್ರಮದಲ್ಲಿ ಅವರ ಕಣ್ಣು ಓಡುತ್ತದೆ. ವಿದ್ಯುತ್ ಪೂರೈಕೆಯ ಏರಿಳಿತವನ್ನು ಸಮಗೊಳಿಸುವ ಫಿಲ್ಟರ್ ಕೆಪಾಸಿಟರ್‌ಗಳು ಹೊಸವು ಎಂಬ ಕಾರಣಕ್ಕೆ ತಿಳಿದ ಸಂಗ್ರಾಹಕ ಮುಖ ತಿರುಗಿಸುವುದಿಲ್ಲ; ಅಚ್ಚುಕಟ್ಟಾಗಿ ಬದಲಿಸಿದ್ದರೆ ಅದನ್ನು ಕಾರಿನ ಟಯರ್ ಬದಲಿಸಿದಂತೆ ಸಾಮಾನ್ಯ ನಿರ್ವಹಣೆ ಎಂದೇ ಎಣಿಸುತ್ತಾನೆ. ಆದರೆ ಮುಖಫಲಕದಲ್ಲಿ ಹೊಸ ಸ್ವಿಚ್ಚಿಗಾಗಿ ಕೊರೆದ ಒಂದು ತೂತನ್ನು ಯಾರಿಂದಲೂ ಮುಚ್ಚಲಾಗದು.

ಆದ್ದರಿಂದ ಬೆಸುಗೆ ಕಡ್ಡಿ ಬಿಸಿಯಾಗುವ ಮುನ್ನ ಮಾಡಬೇಕಾದ ಕೆಲಸ, ಆಂಪ್ಲಿಫೈಯರಿನ ಜಾತಕ ಬರೆದುಕೊಳ್ಳುವುದು. ಯಾವ ಟ್ಯೂಬ್ (ಗಾಜಿನ ನಿರ್ವಾತ ನಳಿಕೆ) ಎಲ್ಲಿ ಎಂದು ತೋರಿಸಲು ಕ್ಯಾಬಿನೆಟ್ಟಿನ ಒಳಗೋಡೆಗೆ ಅಂಟಿಸಿದ ಟ್ಯೂಬ್ ಚಾರ್ಟ್ ಎಂಬ ಕಾಗದದಲ್ಲಿ ಎರಡು ಅಕ್ಷರಗಳ ರಬ್ಬರ್ ಮುದ್ರೆ ಇದೆಯೇ ನೋಡಿ. ಮೊದಲ ಅಕ್ಷರ ವರ್ಷವನ್ನೂ ಎರಡನೆಯದು ತಿಂಗಳನ್ನೂ ಹೇಳುತ್ತದೆ: 1951ಕ್ಕೆ ‘ಎ’ ಎಂದು ಆರಂಭಿಸಿದರೆ ‘ಎನ್’ 1964, ‘ಒ’ 1965, ‘ಪಿ’ 1966 ಆಗುತ್ತದೆ, ‘ಒಬಿ’ ಎಂದಿದ್ದರೆ 1965ರ ಫೆಬ್ರವರಿ. ಟ್ರಾನ್ಸ್‌ಫಾರ್ಮರ್‌ಗಳ ಮೇಲೆ 606 ಎಂದು ಆರಂಭವಾಗುವ ಸಂಖ್ಯೆ ಇರುತ್ತದೆ. 606 ಎಂಬುದು ಶೂಮಾಕರ್ ಕಂಪನಿಯ ಗುರುತು, ಅದರ ಮುಂದಿನ ಅಂಕೆ ವರ್ಷದ ಕೊನೆಯ ಅಂಕೆ, ಕೊನೆಯ ಎರಡು ಅಂಕೆಗಳು ವರ್ಷದ ಎಷ್ಟನೆಯ ವಾರ ಎಂಬುದು. 606-5-07 ಎಂದರೆ 1965ರ ಏಳನೆಯ ವಾರ. ಸ್ಪೀಕರಿನ ಚೌಕಟ್ಟಿನ ಮೇಲೆ 220 ಇದ್ದರೆ ಜೆನ್ಸನ್, 465 ಇದ್ದರೆ ಆಕ್ಸ್‌ಫರ್ಡ್. ಧ್ವನಿ ಹೊಂದಿಸುವ ಗುಬ್ಬಿಗಳ ಹಿಂದಿರುವ ಪೊಟೆನ್ಶಿಯೋಮೀಟರುಗಳ ಬೆನ್ನಿನ ಮೇಲೆ 137 ಇದ್ದರೆ ಸಿಟಿಎಸ್, 304 ಇದ್ದರೆ ಸ್ಟ್ಯಾಕ್‌ಪೋಲ್. ಈ ದಿನಾಂಕಗಳು ಒಂದಕ್ಕೊಂದು ಕೆಲವು ತಿಂಗಳ ಅಂತರದಲ್ಲಿದ್ದರೆ ಭಾಗಗಳೆಲ್ಲ ಒಟ್ಟಿಗೆ ಹುಟ್ಟಿದವು ಎಂದು ನಂಬಬಹುದು. ಪೊಟೆನ್ಶಿಯೋಮೀಟರುಗಳನ್ನು ಕಾರ್ಖಾನೆ ರಾಶಿಗಟ್ಟಲೆ ಕೊಂಡಿಡುತ್ತಿದ್ದುದರಿಂದ ಅವು ಸ್ವಲ್ಪ ಹಳೆಯವಾಗಿದ್ದರೆ ಗಾಬರಿಯಾಗಬೇಕಿಲ್ಲ. ಆದರೆ ಟ್ಯೂಬ್ ಚಾರ್ಟಿಗಿಂತ ಎರಡು ವರ್ಷ ಹೊಸದಾದ ಟ್ರಾನ್ಸ್‌ಫಾರ್ಮರ್ ಕಂಡರೆ ಅದನ್ನು ಯಾರೋ ಬದಲಿಸಿದ್ದಾರೆ ಎಂದೇ ಅರ್ಥ.

ಕಾಲನಿರ್ಣಯಕ್ಕೆ ಇಷ್ಟು ಒತ್ತು ಕೊಡಲು ಕಾರಣವಿದೆ. ಫೆಂಡರ್ ಕಂಪನಿಯನ್ನು 1965ರ ಜನವರಿಯಲ್ಲಿ ಅಮೆರಿಕದ ಪ್ರಸಾರ ಸಂಸ್ಥೆ ಸಿಬಿಎಸ್ ಕೊಂಡಿತು, ಸಂಗ್ರಾಹಕರ ಮನಸ್ಸಿನಲ್ಲಿ ಆ ದಿನಾಂಕ ಒಂದು ಗಡಿಗಲ್ಲಾಗಿ ನಿಂತುಬಿಟ್ಟಿದೆ. ಅಸಲಿಗೆ ಡಿಲಕ್ಸ್ ರಿವರ್ಬಿನ, ಎಬಿ763 ಎಂಬ ಸಂಕೇತದ ಸರ್ಕ್ಯೂಟ್ ಅದರ ನಂತರವೂ ಕಪ್ಪು ಮುಖಫಲಕದ ದಿನಗಳುದ್ದಕ್ಕೂ ಮುಂದುವರಿಯಿತು. ಕಿವಿಗೆ ವ್ಯತ್ಯಾಸ ಸಿಗುವುದಿಲ್ಲ ಎಂಬುದು ನನ್ನ ಅಭಿಪ್ರಾಯ. ಆದರೂ ಮಾರುಕಟ್ಟೆ ಕಿವಿಯಿಂದ ಮಾತ್ರ ನಡೆಯುವುದಿಲ್ಲವಲ್ಲ.

ಚಾಸಿಯನ್ನು ಹೊರತೆಗೆದಾಗ, ಬೆಳಕು ಚೆನ್ನಾಗಿರುವ ಕಡೆ ಇಟ್ಟು, ಪ್ರತಿ ಮೂಲೆಯ ಫೋಟೊ ತೆಗೆಯಿರಿ. ಆ ಕಾಲದ ಅನೇಕ ಫೆಂಡರ್ ಚಾಸಿಗಳ ಒಳಗೆ ಒಂದಂಗುಲದಷ್ಟು ಮಾಸ್ಕಿಂಗ್ ಟೇಪಿನ ತುಂಡೊಂದು ಅಂಟಿಕೊಂಡಿರುತ್ತದೆ. ಅದರ ಮೇಲೆ ಬೆಸುಗೆ ಹಾಕಿದ ಕಾರ್ಮಿಕರು ಪೆನ್ನಿನಲ್ಲಿ ಬರೆದ ತಮ್ಮ ಹೆಸರು. ಅಂಟು ಒಣಗಿ, ಟೇಪು ಬೀಡಿ ಎಲೆಯಂತೆ ಗರಿಗರಿಯಾಗಿ, ಊದಿದರೆ ಹಾರಿಹೋಗುವ ಸ್ಥಿತಿಯಲ್ಲಿರುತ್ತದೆ. ಧೂಳು ತೆಗೆಯುವ ಉತ್ಸಾಹದಲ್ಲಿ ಸಂಕುಚಿತ ಗಾಳಿಯ ಡಬ್ಬಿ ಹಿಡಿದು ನಿಂತವರು ಕಳೆದುಕೊಳ್ಳುವ ಮೊದಲ ವಸ್ತು ಅದು. ಮೆತ್ತಗಿನ ಕುಂಚದಿಂದ ಧೂಳು ತೆಗೆಯಿರಿ, ಆ ಟೇಪಿನ ಅಕ್ಕಪಕ್ಕ ಮಾತ್ರ ಬಿಟ್ಟುಬಿಡಿ.

ಈಗ ಪ್ಲಗ್ ಏಕೆ ಹಾಕಬಾರದು ಎಂಬ ವಿಷಯ. ಆ ಫಿಲ್ಟರ್ ಕೆಪಾಸಿಟರ್‌ಗಳು ಎಲೆಕ್ಟ್ರೋಲಿಟಿಕ್ ಎಂಬ ಜಾತಿಯವು. ಅಂಥ ಕೆಪಾಸಿಟರಿನಲ್ಲಿ ಎರಡು ಅಲ್ಯುಮಿನಿಯಂ ಹಾಳೆಗಳು ಸುರುಳಿ ಸುತ್ತಿಕೊಂಡಿರುತ್ತವೆ; ಅವುಗಳ ನಡುವಿನ ನಿಜವಾದ ನಿರೋಧಕ ಪದರ ಎಂದರೆ ಧನ ಹಾಳೆಯ ಮೇಲೆ ರಾಸಾಯನಿಕವಾಗಿ ಬೆಳೆದ ಅತಿ ತೆಳುವಾದ ಆಕ್ಸೈಡ್ ಮಾತ್ರ. ವಿದ್ಯುತ್ತು ಹರಿಯುತ್ತಿರುವವರೆಗೆ ಒಳಗಿನ ದ್ರಾವಣ ಆ ಪದರವನ್ನು ತಾನಾಗಿಯೇ ಸರಿಪಡಿಸಿಕೊಳ್ಳುತ್ತಿರುತ್ತದೆ. ವರ್ಷಗಟ್ಟಲೆ ಸುಮ್ಮನಿದ್ದರೆ ಆಕ್ಸೈಡ್ ಸವೆಯುತ್ತದೆ, ದಶಕಗಳು ಕಳೆದರೆ ದ್ರಾವಣವೇ ಒಣಗುತ್ತದೆ. ಅಂಥದ್ದರ ಮೇಲೆ ಒಮ್ಮೆಲೇ 420 ವೋಲ್ಟ್ ಬಿದ್ದರೆ ಅದು ಕೆಪಾಸಿಟರಿನಂತೆ ವರ್ತಿಸದೆ ತಂತಿಯ ತುಂಡಿನಂತೆ ವರ್ತಿಸುತ್ತದೆ. ಎಸಿಯನ್ನು ಡಿಸಿಯಾಗಿಸುವ ರೆಕ್ಟಿಫೈಯರ್ ಟ್ಯೂಬಿನೊಳಗೆ ಕಿಡಿ ಹಾರುತ್ತದೆ, ಫ್ಯೂಸ್ ಸರಿಯಾದದ್ದಿದ್ದರೆ ಹೋಗುತ್ತದೆ, ಹಿಂದೊಮ್ಮೆ ಯಾರೋ ಫ್ಯೂಸಿನ ಜಾಗದಲ್ಲಿ ದಪ್ಪ ತಂತಿ ಸುತ್ತಿದ್ದರೆ ಪವರ್ ಟ್ರಾನ್ಸ್‌ಫಾರ್ಮರ್ ಹೋಗುತ್ತದೆ.

ವೇರಿಯಾಕ್ ಎಂಬ ಸಾಧನದಿಂದ ವೋಲ್ಟೇಜನ್ನು ಗಂಟೆಗಟ್ಟಲೆ ನಿಧಾನವಾಗಿ ಏರಿಸಿದರೆ ಹಳೆಯ ಕೆಪಾಸಿಟರ್‌ಗಳು ಚೇತರಿಸಿಕೊಳ್ಳುತ್ತವೆ ಎಂಬ ಸಲಹೆ ನಿಮ್ಮ ಕಿವಿಗೂ ಬಿದ್ದಿರಬಹುದು. ನಿಮ್ಮ ಆಂಪ್ಲಿಫೈಯರಿನ ಮಟ್ಟಿಗೆ ಇದರಲ್ಲಿ ಎರಡು ದೋಷಗಳಿವೆ. ಅದರ ರೆಕ್ಟಿಫೈಯರ್ ಜಿಜೆಡ್34 ಎಂಬ ಟ್ಯೂಬ್. ಅದರ ಹೀಟರ್ ಸಾಕಷ್ಟು ಬಿಸಿಯಾಗುವವರೆಗೆ ಅದು ವಿದ್ಯುತ್ತನ್ನು ಹರಿಯಲು ಬಿಡುವುದೇ ಇಲ್ಲ. ವೇರಿಯಾಕನ್ನು ಕಾಲುಭಾಗಕ್ಕೆ ಇಟ್ಟು ಗಂಟೆಗಟ್ಟಲೆ ಕಾದರೂ ಕೆಪಾಸಿಟರಿನ ಮೇಲೆ ಏನೂ ಬೀಳದೆ, ಮುಂದೆ ಒಂದು ಹಂತದಲ್ಲಿ ಹಠಾತ್ತಾಗಿ ನೂರಾರು ವೋಲ್ಟ್ ಬೀಳುತ್ತದೆ. ಎರಡನೆಯದು, ಹೀಗೆ ಚೇತರಿಸುವ ವಿಧಾನ ಗೋದಾಮಿನಲ್ಲಿ ಹತ್ತು ವರ್ಷ ಕೂತ ಕೆಪಾಸಿಟರಿಗೆ ಹೇಳಿದ್ದು. ಅರವತ್ತು ವರ್ಷದ, ದ್ರಾವಣ ಒಣಗಿದ ಕೆಪಾಸಿಟರಿಗೆ ಆಕ್ಸೈಡ್ ಮರಳಿದರೂ ನೀರಂಶ ಮರಳುವುದಿಲ್ಲ. ಒಂದು ವಾರ ಚೆನ್ನಾಗಿ ಹಾಡಿ, ಎರಡನೆಯ ವಾರ ಕೈಕೊಡುವುದನ್ನು ನಾನು ಕಂಡಿದ್ದೇನೆ. ಅವನ್ನು ಬದಲಿಸಿ, ಇದರಲ್ಲಿ ನನಗೆ ಎರಡು ಮನಸ್ಸಿಲ್ಲ.

ಡಿಲಕ್ಸ್ ರಿವರ್ಬಿನಲ್ಲಿ 16 ಮೈಕ್ರೋಫ್ಯಾರಡ್, 450 ವೋಲ್ಟಿನ ಐದು ಫಿಲ್ಟರ್ ಕೆಪಾಸಿಟರ್‌ಗಳು ಚಾಸಿಯ ಹೊರಮೈಯಲ್ಲಿ ಒಂದು ಲೋಹದ ತಟ್ಟೆಯ ಕೆಳಗೆ ಮಲಗಿರುತ್ತವೆ. ಆ ತಟ್ಟೆ ತೆಗೆಯುವ ಮುನ್ನ ಒಂದು ಎಚ್ಚರಿಕೆ: ಚಾಲೂ ಮಾಡಿ ನಿಲ್ಲಿಸಿದ ಆಂಪ್ಲಿಫೈಯರಿನಲ್ಲಿ, ಪ್ಲಗ್ ಕಿತ್ತ ಮೇಲೂ, ಈ ಕೆಪಾಸಿಟರ್‌ಗಳು ಪ್ರಾಣ ತೆಗೆಯುವಷ್ಟು ವಿದ್ಯುತ್ತನ್ನು ಹಿಡಿದಿಟ್ಟುಕೊಂಡಿರಬಲ್ಲವು. ಸ್ಕ್ರೂಡ್ರೈವರಿನಿಂದ ಚಟಕ್ಕನೆ ಶಾರ್ಟ್ ಮಾಡುವುದು ಬೇಡ. ಕೆಲವು ವಾಟಿನ ರೆಸಿಸ್ಟರೊಂದನ್ನು ನಿರೋಧಕ ಹಿಡಿಕೆಯ ತಂತಿಗಳ ಮೂಲಕ ಹಚ್ಚಿ ಖಾಲಿ ಮಾಡಿ, ಆಮೇಲೆ ಮೀಟರಿನಿಂದ ಸೊನ್ನೆಯನ್ನು ಕಣ್ಣಾರೆ ನೋಡಿ. ಇದನ್ನು ಓದಿ ಕೈ ನಡುಗಿದರೆ ಕೆಲಸವನ್ನು ಅನುಭವಿಗಳಿಗೆ ಒಪ್ಪಿಸಿ. ಅದರಲ್ಲಿ ನಾಚಿಕೆಯೇನೂ ಇಲ್ಲ.

ಹೊಸ ಕೆಪಾಸಿಟರ್ ಆರಿಸುವಾಗ 16ರ ಬದಲು 22 ಮೈಕ್ರೋಫ್ಯಾರಡ್ ಹಾಕಬಹುದು, 500 ವೋಲ್ಟಿನದ್ದಾದರೆ ಒಳ್ಳೆಯದು. ಇನ್ನೂ ದೊಡ್ಡದು ಹಾಕಿದರೆ ಗುಂಯ್‌ಗುಡುವಿಕೆ ಇನ್ನೂ ಕಡಿಮೆಯಾದೀತೆಂಬ ಆಸೆಗೆ ಬೀಳಬೇಡಿ. ಜಿಜೆಡ್34ರ ಮುಂದೆ ನಿಲ್ಲಿಸಬಹುದಾದ ಮೊದಲ ಕೆಪಾಸಿಟರಿಗೆ ತಯಾರಕರು ಹಾಕಿದ ಮಿತಿ 60 ಮೈಕ್ರೋಫ್ಯಾರಡ್. ಮೊದಲ ಎರಡು ಕೆಪಾಸಿಟರ್‌ಗಳು ಇಲ್ಲಿ ಸಮಾಂತರವಾಗಿರುವುದರಿಂದ 22ರ ಎರಡು ಸೇರಿ 44 ಆಗುತ್ತದೆ, ಅದು ಮಿತಿಯೊಳಗಿದೆ. 47ರ ಎರಡನ್ನು ಹಾಕಿದರೆ 94 ಆಗಿ, ಪ್ರತಿ ಬಾರಿ ಚಾಲೂ ಮಾಡಿದಾಗಲೂ ರೆಕ್ಟಿಫೈಯರಿನ ಆಯುಸ್ಸು ಸ್ವಲ್ಪ ಸ್ವಲ್ಪವಾಗಿ ಕರಗುತ್ತದೆ. ಜೊತೆಗೆ ಜೋರಾಗಿ ನುಡಿಸಿದಾಗ ವೋಲ್ಟೇಜು ತುಸು ಕುಸಿದು ಮೇಲೇಳುವ ಆ ಮೃದುತನವೂ ಹೋಗುತ್ತದೆ.

ಹಳೆಯ ಕೆಪಾಸಿಟರಿನ ಹೊರಕವಚದೊಳಗೆ ಹೊಸದನ್ನು ಅಡಗಿಸುವ ವಿಧಾನವೂ ಇದೆ. ಕವಚವನ್ನು ಹದವಾಗಿ ಬಿಸಿ ಮಾಡಿ, ಒಳಗಿನದನ್ನು ಹೊರದೂಡಿ, ಈ ಕಾಲದ ಚಿಕ್ಕ ಕೆಪಾಸಿಟರನ್ನು ಅದರೊಳಗೆ ಕೂರಿಸಿ ತುದಿಗಳನ್ನು ಮುಚ್ಚುತ್ತಾರೆ. ಚಾಸಿಯ ಮೇಲೆ ಎಲ್ಲರಿಗೂ ಕಾಣುವಂತೆ ನಿಂತ ಲೋಹದ ಡಬ್ಬಿ ಕೆಪಾಸಿಟರ್ ಇರುವ ಹಳೆಯ ಹೈಫೈ ಆಂಪ್ಲಿಫೈಯರ್‌ಗಳಲ್ಲಿ ಈ ಶ್ರಮಕ್ಕೆ ಅರ್ಥವಿದೆ, ನಾನೂ ಮಾಡುತ್ತೇನೆ. ತಟ್ಟೆಯ ಕೆಳಗೆ ಅವಿತ ನಿಮ್ಮ ಕೆಪಾಸಿಟರ್‌ಗಳಿಗೆ ಅದು ಬೇಕಿಲ್ಲ. ಹಳೆಯವನ್ನು ಚೀಲದಲ್ಲಿಟ್ಟು ಹೊಸವನ್ನು ಹೊಸವಾಗಿಯೇ ಕಾಣಬಿಡುವುದು ಹೆಚ್ಚು ಪ್ರಾಮಾಣಿಕ. ಎಲ್ಲಿಯಾದರೂ ಹಾಗೆ ಅಡಗಿಸಿದರೆ, ಒಳಗೆ ದಿನಾಂಕ ಬರೆದ ಚೀಟಿ ಇಡಬೇಕು, ಮಾರುವಾಗ ಬಾಯಿಬಿಟ್ಟು ಹೇಳಬೇಕು. ಇಲ್ಲದಿದ್ದರೆ ಅದು ಕಸುಬು ಎನಿಸದೆ ಮೋಸ ಎನಿಸುತ್ತದೆ.

ಈ ದೊಡ್ಡ ಕೆಪಾಸಿಟರ್‌ಗಳ ಬಗ್ಗೆ ಎಲ್ಲರೂ ಮಾತಾಡುತ್ತಾರೆ. ನನ್ನ ಕಣ್ಣಿಗೆ ಅವುಗಳಿಗಿಂತ ಕಟುವಾದದ್ದು ಕಿರುಬೆರಳಿನ ಗೆಣ್ಣಿನಷ್ಟಿರುವ ಬಯಾಸ್ ಕೆಪಾಸಿಟರ್. ಔಟ್‌ಪುಟ್ ಹಂತದ ಎರಡು 6ವಿ6 ಟ್ಯೂಬುಗಳ ಗ್ರಿಡ್‌ಗಳನ್ನು (ವಿದ್ಯುತ್ ಹರಿವನ್ನು ಹತೋಟಿಯಲ್ಲಿಡುವ ಒಳಜಾಲರಿಗಳನ್ನು) ಸುಮಾರು ಮೈನಸ್ 35 ವೋಲ್ಟಿನಲ್ಲಿ ಹಿಡಿದು, ಅವು ಮಿತಿಮೀರಿ ವಿದ್ಯುತ್ ಎಳೆಯದಂತೆ ಲಗಾಮು ಹಾಕುವುದು ಈ ಪುಟ್ಟ ಭಾಗದ ಸುತ್ತಲಿನ ಸರ್ಕ್ಯೂಟ್. ಅದು ಸೋರತೊಡಗಿದರೆ ಅಥವಾ ಶಾರ್ಟ್ ಆದರೆ ಲಗಾಮು ಕಳಚುತ್ತದೆ, ಟ್ಯೂಬಿನ ಪ್ಲೇಟುಗಳು ಕುಲುಮೆಯಲ್ಲಿಟ್ಟ ಕಬ್ಬಿಣದಂತೆ ಕೆಂಪಾಗುತ್ತವೆ, ಆ ವಿದ್ಯುತ್ತೆಲ್ಲ ಹರಿಯುವುದು ಔಟ್‌ಪುಟ್ ಟ್ರಾನ್ಸ್‌ಫಾರ್ಮರಿನ ಕೂದಲಿನಂಥ ತಾಮ್ರದ ತಂತಿಯ ಮೂಲಕ. ಹೀಗಾಗಿ ಅತಿ ಅಗ್ಗದ ಒಂದು ಭಾಗ ಅತಿ ಬೆಲೆಯ ಭಾಗವನ್ನು ಕೊಲ್ಲುತ್ತದೆ. ಬದಲಿಸುವಾಗ ಧನ ತುದಿ ಚಾಸಿಯ ಕಡೆಗೆ ಬರಬೇಕು, ಏಕೆಂದರೆ ಈ ಪೂರೈಕೆ ಋಣ. ಉಳಿದ ಕೆಪಾಸಿಟರ್‌ಗಳನ್ನೆಲ್ಲ ಋಣ ತುದಿ ಚಾಸಿಗೆ ಹಾಕಿ ರೂಢಿಯಾದ ಕೈ ಇಲ್ಲೇ ತಪ್ಪುತ್ತದೆ. ನನ್ನ ಮೇಜಿಗೆ ಬಂದಿದ್ದ ಒಂದು ಆಂಪ್ಲಿಫೈಯರಿನಲ್ಲಿ ಕೆಲಸವೆಲ್ಲ ನೀಟಾಗಿತ್ತು, ಬೆಸುಗೆ ಕನ್ನಡಿಯಂತಿತ್ತು, ಈ ಒಂದು ಕೆಪಾಸಿಟರ್ ಮಾತ್ರ ತಿರುವುಮುರುವಾಗಿತ್ತು. ಮಾಲೀಕರು ಮೂರು ತಿಂಗಳು ನುಡಿಸಿದ್ದರಂತೆ. ಔಟ್‌ಪುಟ್ ಟ್ರಾನ್ಸ್‌ಫಾರ್ಮರಿನ ಒಂದು ಬದಿಯ ಸುರುಳಿಯನ್ನು ಅಳೆದಾಗ ಮೀಟರಿನ ಮುಳ್ಳು ಕದಲಲೇ ಇಲ್ಲ.

ಗಿಟಾರಿನ ಸಂಕೇತವನ್ನು ಮೊದಲು ಹಿಗ್ಗಿಸುವ ಪ್ರಿಆಂಪ್ ಟ್ಯೂಬುಗಳ ಕ್ಯಾಥೋಡಿನಲ್ಲಿರುವ 25 ಮೈಕ್ರೋಫ್ಯಾರಡಿನ ಚಿಕ್ಕ ಎಲೆಕ್ಟ್ರೋಲಿಟಿಕ್‌ಗಳು ಕೆಟ್ಟರೂ ಯಾರನ್ನೂ ಕೊಲ್ಲುವುದಿಲ್ಲ. ಧ್ವನಿ ಸೊರಗುತ್ತದೆ, ಅಷ್ಟೆ. ಅಳೆದು, ಸೊರಗಿದ್ದನ್ನು ಬದಲಿಸಿ.

ಇನ್ನು ತಂತ್ರಜ್ಞರ ‘ಎಲ್ಲ’ ಎಂಬ ಪದಕ್ಕೆ ಬರೋಣ. ಒಂದು ಹಂತದಿಂದ ಇನ್ನೊಂದಕ್ಕೆ ಸಂಕೇತವನ್ನು ದಾಟಿಸುವ ಕಪ್ಲಿಂಗ್ ಕೆಪಾಸಿಟರ್‌ಗಳು ನಿಮ್ಮ ಆಂಪ್ಲಿಫೈಯರಿನಲ್ಲಿ ಬಹುಶಃ ನೀಲಿ ಬಣ್ಣದ, ಅಚ್ಚು ಹೊಯ್ದಂಥ ಮೈಯವು. ಇವುಗಳಲ್ಲಿ ದ್ರಾವಣವಿಲ್ಲ, ಒಣಗುವ ಮಾತಿಲ್ಲ, ಹೆಚ್ಚಿನವು ಇಂದಿಗೂ ಗಟ್ಟಿಯಾಗಿವೆ. ಸಂಗ್ರಾಹಕರು ಚಾಸಿ ತೆರೆದೊಡನೆ ಹುಡುಕುವುದೂ ಇವನ್ನೇ. ಇವನ್ನು ಕಿತ್ತು, ಈಗಿನ ದುಬಾರಿ ಹೆಸರಿನ, ಹೆಬ್ಬೆರಳು ಗಾತ್ರದ ಕೆಪಾಸಿಟರ್‌ಗಳನ್ನು ತುರುಕುವುದು ಮೂಗಿಗಿಂತ ಮೂಗುತಿ ಭಾರವಾದಂತೆ. ಹಣವೂ ಹೋಗಿ ಬೆಲೆಯೂ ಇಳಿಯುತ್ತದೆ. ಅನುಮಾನವಿದ್ದರೆ ಊಹಿಸಬೇಕಿಲ್ಲ, ಅಳೆಯಬಹುದು. ಔಟ್‌ಪುಟ್ ಟ್ಯೂಬುಗಳನ್ನು ತೆಗೆದು, ಆಂಪ್ಲಿಫೈಯರನ್ನು ಚಾಲೂ ಮಾಡಿ, ಬಯಾಸ್ ಪೂರೈಕೆಯ ವೋಲ್ಟೇಜನ್ನೂ ಟ್ಯೂಬಿನ ಗ್ರಿಡ್ ಪಿನ್ನಿನ ವೋಲ್ಟೇಜನ್ನೂ ಹೋಲಿಸಿ. ಎರಡೂ ಒಂದೇ ಇದ್ದರೆ ಕೆಪಾಸಿಟರ್ ಸೋರುತ್ತಿಲ್ಲ. ಗ್ರಿಡ್ಡಿನಲ್ಲಿ ಒಂದು ವೋಲ್ಟ್ ಕಡಿಮೆ ಋಣವಾಗಿದ್ದರೆ, 220 ಕಿಲೋಓಮಿನ ರೆಸಿಸ್ಟರಿನ ಮೂಲಕ ಸುಮಾರು 4.5 ಮೈಕ್ರೋಆಂಪಿಯರ್ ಸೋರುತ್ತಿದೆ ಎಂದರ್ಥ. ಅಂಥ ಒಂದನ್ನು, ಅದೊಂದನ್ನೇ, ಬದಲಿಸಿ. 1940–50ರ ದಶಕಗಳ ಮೇಣ ಮತ್ತು ಕಾಗದದ ಕೆಪಾಸಿಟರ್‌ಗಳ ಮಾತು ಬೇರೆ. ಅವುಗಳಲ್ಲಿ ಸೋರದ ಒಂದು ಸಿಕ್ಕಿದರೆ ಅದೇ ಸುದ್ದಿ.

ರೆಸಿಸ್ಟರುಗಳ ವಿಷಯದಲ್ಲೂ ಇದೇ ನೀತಿ. ಆ ಕಾಲದ ಕಾರ್ಬನ್ ಕಾಂಪೊಸಿಶನ್ ರೆಸಿಸ್ಟರುಗಳು ತೇವ ಹೀರಿ, ಬಿಸಿಯುಂಡು, ವರ್ಷಗಳಲ್ಲಿ ಮೇಲ್ಮುಖವಾಗಿ ಸರಿಯುತ್ತವೆ. ವಿದ್ಯುತ್ ತೆಗೆದು, ಕೆಪಾಸಿಟರ್‌ಗಳನ್ನು ಖಾಲಿ ಮಾಡಿದ ಮೇಲೆ, ಬಿಚ್ಚದೆಯೇ ಅಳೆಯಿರಿ: ಸುತ್ತಲಿನ ಸಮಾಂತರ ಹಾದಿಗಳು ಅಳತೆಯನ್ನು ತಗ್ಗಿಸಬಲ್ಲವೇ ಹೊರತು ಏರಿಸಲಾರವು, ಆದ್ದರಿಂದ ಗುರುತಿಗಿಂತ ಹೆಚ್ಚು ತೋರಿಸಿದರೆ ಅದು ನಿಜಕ್ಕೂ ಸರಿದಿದೆ. 100 ಕಿಲೋಓಮಿನ ಪ್ಲೇಟ್ ರೆಸಿಸ್ಟರ್ 115 ತೋರಿಸಿ ಸದ್ದಿಲ್ಲದೆ ಇದ್ದರೆ ನಾನು ಬಿಡುತ್ತೇನೆ. ಚಟಚಟ, ಸರಸರ ಎಂದು ಸದ್ದು ಮಾಡುವುದನ್ನು, ಚಾಲೂ ಇರುವಾಗ ಒಣ ಮರದ ಕಡ್ಡಿಯಿಂದ ಮೃದುವಾಗಿ ತಟ್ಟಿ ಪತ್ತೆಹಚ್ಚಿ, ಅದನ್ನು ಮಾತ್ರ ತೆಗೆಯುತ್ತೇನೆ. ಆದರೆ ಎಲ್ಲ ಕಡೆಯೂ ಗೊರಗೊರ ಕೇಳಿಸಿದರೆ ರೆಸಿಸ್ಟರುಗಳ ಮೇಲೆ ತಪ್ಪು ಹೊರಿಸುವ ಮುನ್ನ ಅವು ಕೂತಿರುವ ಕಪ್ಪು ಫೈಬರ್ ಹಲಗೆಯನ್ನೇ ಪರೀಕ್ಷಿಸಿ. ಅದು ತೇವ ಹೀರಿ ತಾನೇ ವಿದ್ಯುತ್ ಹರಿಸತೊಡಗುವುದುಂಟು. ಬರಿಯ ಹಲಗೆಗೆ ಮೀಟರಿನ ಮೊನೆ ಒತ್ತಿದರೆ ವೋಲ್ಟುಗಳು ಕಾಣುತ್ತವೆ. ಕೂದಲು ಒಣಗಿಸುವ ಯಂತ್ರದ ಬೆಚ್ಚನೆಯ ಗಾಳಿ ಹಲವು ಬಾರಿ ಈ ರೋಗವನ್ನು ಬಿಡಿಸಿದೆ, ಒಂದೂ ಬಿಡಿಭಾಗ ಬದಲಾಗದೆ.

ವಿದ್ಯುತ್ ತಂತಿಯ ವಿಷಯಕ್ಕೆ ಬಂದರೆ, ಇಲ್ಲಿ ನಾನು ಸಂಗ್ರಾಹಕರ ಜೊತೆ ರಾಜಿಗಿಳಿಯುವುದಿಲ್ಲ. ನಿಮ್ಮದರಲ್ಲಿ ಎರಡೇ ಎಳೆಯ ತಂತಿ ಇದ್ದು, ಹಿಂಬದಿಯಲ್ಲಿ ‘ಗ್ರೌಂಡ್’ ಎಂಬ ಸ್ವಿಚ್ ಇರುತ್ತದೆ. ಆ ಸ್ವಿಚ್ಚಿನಿಂದ ಚಾಸಿಗೆ 0.047 ಮೈಕ್ರೋಫ್ಯಾರಡಿನ ಒಂದು ಕೆಪಾಸಿಟರ್ ಹೋಗುತ್ತದೆ. ಕಸುಬಿನವರು ಅದಕ್ಕೆ ‘ಡೆತ್ ಕ್ಯಾಪ್’ ಎನ್ನುತ್ತಾರೆ. ಅದು ಶಾರ್ಟ್ ಆದ ದಿನ ಮುಖ್ಯ ವಿದ್ಯುತ್ತು ಚಾಸಿಗೆ, ಚಾಸಿಯಿಂದ ಗಿಟಾರಿನ ತಂತಿಗಳಿಗೆ ಬರುತ್ತದೆ. ನುಡಿಸುವವರ ತುಟಿ ಭೂಸಂಪರ್ಕವಿರುವ ಮೈಕ್ರೋಫೋನಿಗೆ ತಗಲಿದ ಕ್ಷಣ ಸರ್ಕ್ಯೂಟ್ ಪೂರ್ಣವಾಗುತ್ತದೆ. ಮೂರು ಎಳೆಯ ತಂತಿ ಹಾಕಿಸಿ, ಭೂಸಂಪರ್ಕದ ಎಳೆಯನ್ನು ಚಾಸಿಗೆ ಭದ್ರವಾಗಿ ಬೋಲ್ಟ್ ಮಾಡಿಸಿ, ವಿದ್ಯುತ್ ಎಳೆ ಮೊದಲು ಫ್ಯೂಸಿಗೂ ಆಮೇಲೆ ಸ್ವಿಚ್ಚಿಗೂ ಹೋಗುವಂತೆ ಮಾಡಿಸಿ, ಡೆತ್ ಕ್ಯಾಪನ್ನು ಸರ್ಕ್ಯೂಟಿನಿಂದ ಬಿಡಿಸಿ. ಇದಕ್ಕೆ ಹೊಸ ತೂತು ಬೇಕಿಲ್ಲ, ಮೂಲ ತಂತಿ ಬರುವ ದಾರಿಯೇ ಸಾಕು. ಗ್ರೌಂಡ್ ಸ್ವಿಚ್ ತನ್ನ ಜಾಗದಲ್ಲಿ ಸುಮ್ಮನೆ ಕೂತಿರಲಿ. ಮೂಲ ತಂತಿಯನ್ನು ಸುತ್ತಿ ಚೀಲದಲ್ಲಿಡಿ.

ಅಮೆರಿಕದ ಮಾರುಕಟ್ಟೆಗಾಗಿ ತಯಾರಾದ ಈ ಆಂಪ್ಲಿಫೈಯರ್ 117 ವೋಲ್ಟಿನ ಲೆಕ್ಕದ್ದು. 230 ವೋಲ್ಟ್ ಇರುವಲ್ಲಿ ಬಳಸಲು ಪವರ್ ಟ್ರಾನ್ಸ್‌ಫಾರ್ಮರನ್ನೇ ಬದಲಿಸಿಬಿಡೋಣ ಎನ್ನುವವರಿದ್ದಾರೆ. ಅದು ನೆಗಡಿ ಬಂತೆಂದು ಮೂಗು ಕೊಯ್ದುಕೊಂಡಂತೆ. ಭೂಸಂಪರ್ಕವನ್ನು ಕಡಿಯದೆ ದಾಟಿಸುವ ಒಳ್ಳೆಯ ಇಳಿಕೆ ಟ್ರಾನ್ಸ್‌ಫಾರ್ಮರೊಂದನ್ನು ಹೊರಗೆ ಇಟ್ಟರೆ ಸಾಕು. ಬಂದ ವೋಲ್ಟೇಜು ಸರಿಯಿದೆಯೇ ಎಂಬುದಕ್ಕೆ ಟ್ಯೂಬುಗಳ ಹೀಟರೇ ಸಾಕ್ಷಿ: ಅಲ್ಲಿ 6.3 ವೋಲ್ಟ್ ಇರಬೇಕು, ಹತ್ತು ಪ್ರತಿಶತದಷ್ಟು ಆಚೀಚೆ ಸಹ್ಯ.

ಟ್ಯೂಬುಗಳನ್ನು ಎಸೆಯಬೇಡಿ, ಉಜ್ಜಲೂ ಬೇಡಿ. ಆರ್‌ಸಿಎ, ಮುಲ್ಲಾರ್ಡ್ ಮುಂತಾದ ಹಳೆಯ ಹೆಸರುಗಳು ಗಾಜಿನ ಮೇಲೆ ಅಚ್ಚಾಗಿರುವ ಬಣ್ಣ ಎಷ್ಟು ಸಡಿಲವೆಂದರೆ, ಧೂಳು ಒರೆಸಲು ಹೆಬ್ಬೆರಳಾಡಿಸಿದರೆ ಹೆಸರು ಬೆರಳಿಗೆ ಬಂದುಬಿಡುತ್ತದೆ. ಗಾಜಿನ ಬುಡದಲ್ಲಿ ಬೂದುಬಣ್ಣದಲ್ಲಿ ಕೊರೆದ ಸಂಕೇತ ಉಳಿದರೂ ಕೊಳ್ಳುವವರಿಗೆ ಆ ಹೆಸರೂ ಬೇಕು. ಪರೀಕ್ಷೆಯಲ್ಲಿ ಚೆನ್ನಾಗಿರುವ ಮೂಲ ಟ್ಯೂಬುಗಳನ್ನು ಗುರುತು ಹಾಕಿ ಜೋಪಾನವಾಗಿಟ್ಟು, ದಿನನಿತ್ಯ ನುಡಿಸಲು ಈಗ ತಯಾರಾಗುವವನ್ನು ಬಳಸಿ. ಒಂದು ಮಾತು: ಈ ಆಂಪ್ಲಿಫೈಯರಿನಲ್ಲಿ 6ವಿ6ರ ಪ್ಲೇಟಿಗೆ ಸುಮಾರು 415 ವೋಲ್ಟ್ ಬೀಳುತ್ತದೆ, ಅದು ಆ ಟ್ಯೂಬಿನ ಪುಸ್ತಕದ ಮಿತಿಗಿಂತ ಬಹಳ ಹೆಚ್ಚು. ಅಂದಿನ ಟ್ಯೂಬುಗಳು ತಾಳಿಕೊಂಡವು, ಇಂದಿನವೆಲ್ಲ ತಾಳುವುದಿಲ್ಲ. ತಾಳುತ್ತದೆಂದು ಖಚಿತವಿರುವ ತಯಾರಿಕೆಯನ್ನೇ ಕೇಳಿ ಪಡೆಯಿರಿ. ಹಾಕಿದ ಮೇಲೆ ಬಯಾಸನ್ನು ಹೊಂದಿಸಬೇಕು. 14 ವಾಟಿನ ಗರಿಷ್ಠದ ಶೇ 70 ಎಂದರೆ 9.8 ವಾಟ್, 415 ವೋಲ್ಟಿನಲ್ಲಿ ಅದು ಟ್ಯೂಬೊಂದಕ್ಕೆ 23 ಮಿಲಿಆಂಪಿಯರಿನ ಆಸುಪಾಸು. ನಾನು ಅದಕ್ಕಿಂತಲೂ ತುಸು ಕೆಳಗೇ ನಿಲ್ಲಿಸುತ್ತೇನೆ.

ಸ್ಪೀಕರಿನ ಮೂಲ ಕೋನ್ ಚಿಕ್ಕದಾಗಿ ಹರಿದಿದ್ದರೆ ತೆಳುವಾದ ಕಾಗದವನ್ನು ಬಿಳಿ ಅಂಟಿನಿಂದ ಹಿಂಬದಿಗೆ ಅಂಟಿಸಿದರೆ ಸಾಕು. ಹೊಸ ಕೋನ್ ಕಟ್ಟಿಸುವುದು ಕೊನೆಯ ದಾರಿ. ಜೋರಾಗಿ ನುಡಿಸುವ ಅಭ್ಯಾಸವಿದ್ದರೆ ಮೂಲ ಸ್ಪೀಕರನ್ನು ತೆಗೆದಿಟ್ಟು, 12 ಅಂಗುಲದ 8 ಓಮಿನ ಬೇರೊಂದನ್ನು ಅದೇ ತಿರುಪುಗಳಿಗೆ ಕೂರಿಸಿ. ಸ್ಪೀಕರ್ ಜೋಡಿಸದೆ ಮಾತ್ರ ಎಂದೂ ನುಡಿಸಬೇಡಿ, ಔಟ್‌ಪುಟ್ ಟ್ರಾನ್ಸ್‌ಫಾರ್ಮರಿಗೆ ಅದು ಒಳ್ಳೆಯದಲ್ಲ. ಒಂದು ವೇಳೆ ಟ್ರಾನ್ಸ್‌ಫಾರ್ಮರ್ ಈಗಾಗಲೇ ಸತ್ತಿದ್ದರೆ, ಅದನ್ನು ಗುಜರಿಗೆ ಹಾಕದೆ ಹೊಸದಾಗಿ ಸುತ್ತಿಸಬಹುದು. ಸಂಕೇತ ಸಂಖ್ಯೆಯಿರುವ ಹೊರಕವಚ ಮತ್ತು ಒಳಗಿನ ಕಬ್ಬಿಣ ಹಾಗೆಯೇ ಉಳಿಯುತ್ತವೆ. ಬದಲಿಯನ್ನೇ ಹಾಕಿದರೂ ಸತ್ತ ಮೂಲ ಟ್ರಾನ್ಸ್‌ಫಾರ್ಮರ್ ಆಂಪ್ಲಿಫೈಯರಿನ ಜೊತೆಗೇ ಇರಲಿ.

ಹೊದಿಕೆಯ ವಿಷಯದಲ್ಲಿ ನಿಮ್ಮ ಗೆಳೆಯರ ಮಾತೇ ಪೂರ್ತಿ ಸರಿ. ಹರಿದ, ಮೂಲೆ ಸವೆದ, ಯಾರೋ ಗಾಜಿನ ಲೋಟವಿಟ್ಟ ವೃತ್ತದ ಕಲೆಯಿರುವ ಮೂಲ ಹೊದಿಕೆ, ಮಿರುಗುವ ಹೊಸ ಹೊದಿಕೆಗಿಂತ ಹೆಚ್ಚು ಬೆಲೆಯುಳ್ಳದ್ದು. ಹೊಸ ಹೊದಿಕೆ ಹಾಕಲು ಹಳೆಯದನ್ನು ಸುಲಿಯಲೇಬೇಕು, ಸುಲಿದದ್ದು ಮತ್ತೆ ಅಂಟುವುದಿಲ್ಲ. ಹೀಗೆ ನವೀಕರಿಸಿದ ಒಂದು ಕ್ಯಾಬಿನೆಟ್ ನನ್ನ ಬಳಿ ಬಂದಾಗ ಟ್ಯೂಬ್ ಚಾರ್ಟ್ ಎಲ್ಲಿ ಎಂದು ಕೇಳಿದೆ. ಮರವನ್ನು ಮರಳುಕಾಗದದಿಂದ ಉಜ್ಜುವಾಗ ಆ ಕೊಳಕು ಚೀಟಿಯನ್ನೂ ಕೆರೆದು ಸ್ವಚ್ಛ ಮಾಡಿಕೊಟ್ಟರು ಎಂದು ಮಾಲೀಕರು ಹೆಮ್ಮೆಯಿಂದಲೇ ಹೇಳಿದರು. ನೀವು ಮಾಡಬೇಕಾದ್ದು ಸ್ವಲ್ಪ: ಉಗುರುಬೆಚ್ಚಗಿನ ನೀರಿನಲ್ಲಿ ಸೌಮ್ಯ ಸೋಪು, ಹಳೆಯ ಮೆತ್ತನೆಯ ಹಲ್ಲುಜ್ಜುವ ಬ್ರಷ್, ಹಿಂಡಿದ ಬಟ್ಟೆ. ಎದ್ದುಬಂದ ಅಂಚನ್ನು ಅಂಟಿಸಿ. ಹಳದಿಯಾದ ಜಾಲರಿ ಬಟ್ಟೆಯನ್ನು ಹಾಗೆಯೇ ಬಿಡಿ. ಮುಖಫಲಕದ ಅಕ್ಷರಗಳ ಮೇಲೆ ಸ್ಪಿರಿಟನ್ನು ಹಚ್ಚಬೇಡಿ. ಕರಕರ ಎನ್ನುವ ಪೊಟೆನ್ಶಿಯೋಮೀಟರುಗಳಿಗೆ ಅದಕ್ಕೆಂದೇ ಇರುವ ಸಂಪರ್ಕ ಶುಚಿಕಾರಕದ ಒಂದೆರಡು ಹನಿಗಳನ್ನು ಒಳಗೆ ಬಿಟ್ಟು ಇಪ್ಪತ್ತು ಬಾರಿ ತಿರುಗಿಸಿ. ತುಕ್ಕು ಬಿಡಿಸುವ ಎಣ್ಣೆಯನ್ನು ಅಲ್ಲಿಗೆ ತರಬೇಡಿ.

ಇದನ್ನೆಲ್ಲ ಮಾಡುವವರನ್ನು ಆರಿಸುವಾಗ ಎರಡು ಪ್ರಶ್ನೆ ಕೇಳಿ: ತೆಗೆದ ಪ್ರತಿ ಭಾಗವನ್ನೂ ಮರಳಿ ಕೊಡುತ್ತೀರಾ, ಯಾವುದನ್ನು ಏಕೆ ತೆಗೆದಿರಿ ಎಂದು ಅಳತೆಗಳ ಸಮೇತ ಬರೆದು ಕೊಡುತ್ತೀರಾ? ಹಳೆಯ ಸಾಮಾನು ಯಾತಕ್ಕೆ ಎಂದು ಅವರು ನಕ್ಕರೆ ಬೇರೆಯವರನ್ನು ಹುಡುಕಿ. ಕೆಲಸ ಮುಗಿದ ಮೇಲಿನ ಮೊದಲ ಚಾಲನೆ, ಸರಣಿಯಲ್ಲಿ 60 ರಿಂದ 100 ವಾಟಿನ ಹಳೆಯ ಮಾದರಿಯ ತಂತುದೀಪವೊಂದನ್ನು ಜೋಡಿಸಿಯೇ ಆಗಲಿ. ಎಲ್‌ಇಡಿ ದೀಪ ಈ ಕೆಲಸಕ್ಕೆ ಬಾರದು. ದೀಪ ಒಮ್ಮೆ ಝಗ್ಗನೆ ಉರಿದು ಮಂಕಾದರೆ ಸರಿ, ಝಗಮಗಿಸುತ್ತಲೇ ಇದ್ದರೆ ತಕ್ಷಣ ನಿಲ್ಲಿಸಬೇಕು, ಎಲ್ಲೋ ಶಾರ್ಟ್ ಇದೆ. ತೆಗೆದ ಭಾಗಗಳು, ಮೂಲ ತಂತಿ, ಅಳತೆಯ ಚೀಟಿ, ಫೋಟೊಗಳು ಎಲ್ಲವನ್ನೂ ಒಂದು ಡಬ್ಬಿಯಲ್ಲಿ ಹಾಕಿ, ಆಂಪ್ಲಿಫೈಯರಿನ ಕ್ರಮಸಂಖ್ಯೆಯನ್ನು ಅದರ ಮೇಲೆ ಬರೆದಿಡಿ. ಆ ಡಬ್ಬಿಯನ್ನು ಜಾಗ ಇದೆಯೆಂದು ಕ್ಯಾಬಿನೆಟ್ಟಿನ ಒಳಗೆ ಇಡಬೇಡಿ. 22 ವಾಟಿನ ಸದ್ದಿಗೆ ಅದು ಗಿಲಕಿಯಂತೆ ಅಲುಗಾಡುತ್ತದೆ, ನೀವು ಇಲ್ಲದ ದೋಷವನ್ನು ಹುಡುಕುತ್ತ ಚಾಸಿಯನ್ನು ಮತ್ತೆ ಬಿಚ್ಚುತ್ತೀರಿ.